ದೊಡ್ಡಪ್ಪನ ಎಣ್ಣೆ ಬಟ್ಟಲು

ನಮ್ಮ ದೊಡ್ಡಪ್ಪ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡವನಲ್ಲ. ಅವರ ಕಣ್ಣು ಮೊದಲು ಹೋಗುವುದು ಪಾದಕ್ಕೆ! ನನಗೆ ಹೆಣ್ಣು ನೋಡಲು ತುರುವೇಕೆರೆಗೆ ಹೋದಾಗ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ದೊಡ್ಡಪ್ಪ ನೆಲ ನೋಡುತ್ತಲೇ, "ನಡಿಗೆ ಪಸಂದಾಗೈತೆ. ಕುಂಟಲ್ಲ" ಎಂದು ಸರ್ಟಿಫಿಕೇಟು ಕೊಟ್ಟರು. ಆ ಸಂಬಂಧ ಅಲ್ಲಿಗೇ ಮುರಿಯಿತು.

ಇದಕ್ಕೆಲ್ಲ ಕಾರಣ ಒಂದು ಮುದಿ ಹೆಣ್ಣು ಕುದುರೆ. ತಿಪಟೂರಿನ ಮದುವೆ ಮೆರವಣಿಗೆಗಳಲ್ಲಿ ಸವೆದು ಹೋಗಿದ್ದ ಅದನ್ನು ಹಂದನಕೆರೆ ಪಕ್ಕದ ತಮ್ಮ ತೋಟಕ್ಕೆ ತಂದು ಕಟ್ಟಿಕೊಂಡಿದ್ದರು. ಒಂದು ದಿನವೂ ಹತ್ತಿದವರಲ್ಲ. ಗೊರಸಿನಲ್ಲಿ ಸಿಕ್ಕಿದ ಕಲ್ಲು ಕೆರೆದು ತೆಗೆಯುವುದು, ಜಂತುಹುಳುವಿಗೆ ಔಷಧಿ ಕುಡಿಸುವುದು, ಹಲ್ಲು ಚೂಪಾಯಿತೆಂದು ದನದ ಡಾಕ್ಟರನ್ನು ಕರೆಸಿ ಅರದಿಂದ ಉಜ್ಜಿಸುವುದು, ಇದೇ ಅವರ ಸವಾರಿ! ಸಂಜೆಯಾದರೆ ಬಟ್ಟಲು ತುಂಬ ಕೊಬ್ಬರಿ ಎಣ್ಣೆ ಹಿಡಿದು, ಗೊರಸು ಒಡೆಯದಂತೆ ಸವರುತ್ತ ಕೂರುತ್ತಿದ್ದರು.

"ನನ್ ಹಿಮ್ಮಡಿ ಸೀಳೋಗೈತೆ. ಒಂದಿನಾನಾದ್ರೂ ಕೇಳಿದೀರಾ?" ಎಂದು ದೊಡ್ಡಮ್ಮ ಗೊಣಗುತ್ತಿದ್ದರು.

"ಅದು ನಿಂತ್ಕಂಡೇ ನಿದ್ದೆ ಮಾಡ್ತದೆ ಕಣೇ. ನೀನು ಮಲಗ್ತೀಯಲ್ಲ!"

ಬೆಳಿಗ್ಗೆ ಎದ್ದ ಕೂಡಲೇ ಕುದುರೆಯ ಪಕ್ಕೆಗೆ ಕಿವಿ. ಹೊಟ್ಟೆ ಗುಡುಗುಡು ಎಂದರೆ ಮಾತ್ರ ದೊಡ್ಡಪ್ಪನಿಗೆ ಕಾಫಿ ಇಳಿಯುತ್ತಿತ್ತು. ಒಮ್ಮೆ ನನಗೆ ಹೊಟ್ಟೆನೋವು ಬಂದಾಗ ನನ್ನ ಹೊಟ್ಟೆಗೂ ಕಿವಿಯಿಟ್ಟು, "ಮಲಗಬ್ಯಾಡ ಕಣ್ಲಾ, ಕರುಳು ಸುತ್ಕಂತದೆ!" ಎಂದು ಕೈಹಿಡಿದು ತೋಟವೆಲ್ಲ ನಡೆಸಿದರು. ನಾನೇನು ಕುದುರೆಯೇ? ಆದರೂ ನಡೆದೆ.

ಕಳೆದ ಬೇಸಿಗೆಯಲ್ಲಿ ಕುದುರೆ ಮೇವು ಬಿಟ್ಟಿತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುವುದು, ನೆಲ ಕೆರೆಯುವುದು, ಹೊರಳಲು ಮಂಡಿಯೂರುವುದು. ದೊಡ್ಡಪ್ಪ ಹಗ್ಗ ಹಿಡಿದು ತೆಂಗಿನ ಸಾಲುಗಳ ನಡುವೆ ನಡೆಸಿದರು, ಬೇಡಿಕೊಂಡರು, ಮತ್ತೆ ನಡೆಸಿದರು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಮೂಗಿನಿಂದ ಕೊಳವೆ ಇಳಿಸಿದರು. ಕೊನೆಗೆ, "ಕರುಳು ಸುತ್ಕೊಂಡಿದೆ ಯಜಮಾನ್ರೇ. ಈ ವಯಸ್ಸಿಗೆ ಕಷ್ಟ" ಎಂದರು. ದೊಡ್ಡಪ್ಪ ಪಕ್ಕೆಗೆ ಕಿವಿಯಿಟ್ಟರು. ಬಹಳ ಹೊತ್ತು ಇಟ್ಟೇ ಇದ್ದರು. ಒಳಗೆ ಸದ್ದೇ ಇರಲಿಲ್ಲ. ಮಧ್ಯಾಹ್ನ ಬಿದ್ದ ಕುದುರೆ ಮತ್ತೆ ಏಳಲಿಲ್ಲ.

"ತೆಂಗಿನ ಬುಡಕ್ಕೇ ಹಾಕಿ, ಫಸಲು ಚೆನ್ನಾಗಿ ಬತ್ತದೆ" ಎಂದ ಪಕ್ಕದ ತೋಟದವನು. ದೊಡ್ಡಪ್ಪ ಅವನ ಪಾದವನ್ನೂ ನೋಡಲಿಲ್ಲ! ಯಾವ ಮರದ ಬೇರೂ ತಾಗದ ಬೇಲಿಯಂಚಿನಲ್ಲಿ ಗುಂಡಿ ತೋಡಿಸಿದರು.

ಮಾರನೆಯ ಸಂಜೆ ನೋಡಿದರೆ, ಅದೇ ಎಣ್ಣೆ ಬಟ್ಟಲು ಹಿಡಿದು ಖಾಲಿ ಕೊಟ್ಟಿಗೆಯ ಮುಂದೆ ಕೂತಿದ್ದಾರೆ. ನನಗೆ ಹತ್ತಿರ ಹೋಗಲಾಗಲಿಲ್ಲ. ಹೋದವರು ದೊಡ್ಡಮ್ಮ. ತಮ್ಮ ಕಾಲು ಗಂಡನಿಗೆ ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅವರು. ಎದುರಿಗೆ ಕೂತು, ಸೀರೆಯಂಚು ಸರಿಸಿ, ಒಡೆದ ಪಾದವನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟರು.

"ಹಚ್ಚಿ. ಪಾಪ ಬಂದ್ರೆ ನಂಗೇ ಬರ್ಲಿ ಬುಡಿ."

ದೊಡ್ಡಪ್ಪ ಬೆರಳಲ್ಲಿ ಎಣ್ಣೆ ಅದ್ದಿ ಸವರತೊಡಗಿದರು. ಹಿಮ್ಮಡಿಯ ಸೀಳಿನ ಹತ್ತಿರ ಬೆರಳು ನಿಂತಿತು.

"ನೋಯ್ತದಾ?" ಎಂದು ಕೇಳಿ, ಕತ್ತೆತ್ತಿ ದೊಡ್ಡಮ್ಮನ ಮುಖ ನೋಡಿದರು.