ಇನ್ಕಾ ಕಣಿವೆಯಲ್ಲಿ ಮೈದುನನ ಐಬುಗಳು

ನನ್ನ ಮೈದುನನಷ್ಟು ಕೆಟ್ಟ ವ್ಯಾಪಾರಿ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ದಯವಿಟ್ಟು ತೋರಿಸಿ, ಇಬ್ಬರನ್ನೂ ಎದುರುಬದುರು ಕೂರಿಸಿ ತಮಾಷೆ ನೋಡೋಣ! ಅವನ ಕೈಗೆ ಚಿನ್ನದ ಗಟ್ಟಿ ಕೊಟ್ಟು ಮಾರಿಕೊಂಡು ಬಾ ಎಂದರೆ, "ತೂಕ ಜಾಸ್ತಿ, ಹೊತ್ಕೊಂಡು ಹೋಗೋದು ಕಷ್ಟ, ಕಳ್ಳರ ಕಾಟ ಬೇರೆ" ಎಂದು ಕೊಳ್ಳುವವನಿಗೆ ಬುದ್ಧಿ ಹೇಳಿ, ಗಟ್ಟಿಯನ್ನು ವಾಪಸು ತಂದು ನನ್ನ ಮೇಜಿನ ಮೇಲಿಡುವ ಆಸಾಮಿ.

ಇದನ್ನು ಹೇಳುವ ಯೋಗ್ಯತೆ ನನಗಿದೆ. ಸ್ಟಾಕ್‌ಹೋಮಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆಯ ಪುಟ್ಟ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸಿ ಮಾರಿದವಳು ನಾನು. ಇವತ್ತು ಊರಿನ ಕನ್ನಡಿಗರ ಮನೆಯಲ್ಲಿ ನಾಮಕರಣವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಊಟ ನನ್ನ ಅಡುಗೆಮನೆಯಿಂದಲೇ ಹೋಗಬೇಕು. ಚೀಟಿಯಲ್ಲಿ ಬರೆದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವ ಈ ದೇಶದಲ್ಲಿ ಸಗಟು ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಗೆದ್ದು ಬಂದವಳು. ಸರಕನ್ನು ಯಾವ ಮಗ್ಗುಲಿನಿಂದ ತೋರಿಸಬೇಕು, ಯಾವ ಮಗ್ಗುಲನ್ನು ಗೋಡೆಗೆ ತಿರುಗಿಸಬೇಕು ಎನ್ನುವುದೇ ನನ್ನ ವಿದ್ಯೆ. ಅಂಥ ನನ್ನ ಹಣೆಯಲ್ಲಿ ಇಂಥ ಮೈದುನ!

ಅವನಿರುವುದು ಸ್ವೀಡನ್ನಿನ ಉತ್ತರದ ಉಮೆಯೊ ಎಂಬ ಊರಿನಲ್ಲಿ. ವಿಶ್ವವಿದ್ಯಾಲಯದಲ್ಲಿ ಪಾಚಿಯ ಮೇಲೆ ಸಂಶೋಧನೆ. ಒಮ್ಮೆ ತನ್ನ ಹಳೆಯ ಸೈಕಲ್ ಮಾರಲು ಜಾಲತಾಣದಲ್ಲಿ ಜಾಹೀರಾತು ಹಾಕಿದ. ನೋಡುತ್ತೇನೆ, ಫೋಟೊಗಳಲ್ಲಿ ಸೈಕಲ್ಲೇ ಇಲ್ಲ, ಬರೀ ತುಕ್ಕು! ಕೆಳಗೆ, ಬ್ರೇಕು ಯಾವಾಗ ಕೈಕೊಡುತ್ತದೆ, ಸೀಟು ಎಲ್ಲಿ ಚುಚ್ಚುತ್ತದೆ ಎಂಬ ವಿವರಣೆ. ಕೊಳ್ಳಲು ಬಂದ ಸ್ವೀಡಿಷ್ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು, ಮರುದಿನ ತನ್ನ ಶೆಡ್ಡಿನಲ್ಲಿದ್ದ ಒಳ್ಳೆಯ ಸೈಕಲ್ಲೊಂದನ್ನು ತಂದು ಇವನಿಗೇ ಕೊಟ್ಟುಹೋದ!

ಕೆಲಸದ ಸಂದರ್ಶನದ ಕಥೆ ಇನ್ನೂ ಚೆಂದ. "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರಂತೆ. ನೀವು ನಾನಾದರೆ "ಕೆಲಸ ಜಾಸ್ತಿ ಮಾಡ್ತೀನಿ, ಅದೇ ದೌರ್ಬಲ್ಯ" ಎಂದು ನಾಚಿಕೊಳ್ಳುತ್ತಿದ್ದೆವು. ಇವನು ಶುರುಮಾಡಿದ್ದು ಫಿಕಾ, ಅಂದರೆ ಇಲ್ಲಿಯವರ ಕಾಫಿ ಬಿಡುವಿನ ಹೊತ್ತಾದರೂ ಮುಗಿಯಲಿಲ್ಲ. ಎಲ್ಲರೂ ಎದ್ದು ಕಾಫಿ ಕುಡಿದು, ದಾಲ್ಚಿನ್ನಿ ಬನ್ನು ತಿಂದು ಬಂದ ಮೇಲೆ ಉಳಿದದ್ದನ್ನು ಮುಂದುವರಿಸಿದ. ಕೆಲಸ ಕೊಟ್ಟೇಬಿಟ್ಟರು! ಈ ದೇಶಕ್ಕೆ ಇವನೇ ಸರಿ ಎಂದು ಅವತ್ತೇ ಅಂದುಕೊಂಡೆ.

ಆದರೆ ಮದುವೆ ಮಾರುಕಟ್ಟೆ ಸ್ವೀಡನ್ ಅಲ್ಲವಲ್ಲ! ನಲವತ್ತು ದಾಟಿದ ಹುಡುಗ. (ತಾಳಿ ಕಟ್ಟುವವರೆಗೂ ಹುಡುಗನೇ, ಮೊಣಕಾಲು ಏನೇ ಹೇಳಲಿ.) ಅವನ ಪರಿಚಯಪತ್ರ ನಾನೇ ಬರೆದೆ. 'ಶಾಂತ ಸ್ವಭಾವ' ಎಂದಿದ್ದೆ. ಓದಿ ಫೋನು ಮಾಡಿದ.

"ಅತ್ತಿಗೆ, ಶಾಂತ ಸ್ವಭಾವ ಅಲ್ಲ. ಇಲ್ಲಿ ಮಾತಾಡೋಕೆ ಯಾರೂ ಇಲ್ಲ, ಅದಕ್ಕೆ."

ಬೆಂಗಳೂರಿನ ಹೆಣ್ಣಿನ ತಂದೆಯೊಬ್ಬರು ವಿಡಿಯೋ ಕಾಲಿನಲ್ಲಿ "ಸ್ವಂತ ಮನೆ ಇದ್ಯೇನಪ್ಪಾ?" ಎಂದರೆ, "ಬಾಗಿಲು ನಂದು ಸಾರ್, ಮಿಕ್ಕಿದ್ದೆಲ್ಲಾ ಬ್ಯಾಂಕಿಂದು" ಎಂದ. ಆ ಕಡೆ ಕಾಲ್ ಕಟ್ಟಾಯಿತು. ನೆಟ್‌ವರ್ಕ್ ಸಮಸ್ಯೆ ಎಂದು ಇವನು ಇನ್ನೂ ನಂಬಿಕೊಂಡಿದ್ದಾನೆ.

ಹೀಗಿರುವಾಗ ಯುಗಾದಿ ಊಟದಲ್ಲಿ ನನ್ನ ಕಣ್ಣಿಗೆ ಬಿದ್ದವಳು ಅವಳು. ಸ್ವೀಡನ್ನಿನದೇ ಮೋಲ್ನ್‌ಡಾಲ್ ಎಂಬ ಊರಿನಲ್ಲಿ ಔಷಧಿ ಸಂಶೋಧನೆ ಮಾಡುವ ಧಾರವಾಡದ ಹುಡುಗಿ. ಒಂದು ಮದುವೆಯಾಗಿ, ಅದು ಮುರಿದು, ಬಹಳ ವರ್ಷದಿಂದ ಒಬ್ಬಳೇ ಇದ್ದವಳು. ಮಾತು ತೂಗಿ ಕೇಳುವ ಕಿವಿ, ತಟ್ಟೆಯಲ್ಲಿ ಒಂದಗುಳು ಬಿಡದ ಶಿಸ್ತು. ಬಿಡುತ್ತೇನೆಯೇ ನಾನು! ಪ್ರಸ್ತಾಪ ಇಟ್ಟೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಅಕ್ಕ, ಮನೆಗೆ ಬಂದು ಉಪ್ಪಿಟ್ಟಿನ ಪ್ಲೇಟ್ ಹಿಡ್ಕೊಂಡು ಕೂರೋದು ನನ್ನಿಂದ ಆಗಲ್ಲ. ಜುಲೈ ರಜಕ್ಕೆ ಪೆರು ಟ್ರಿಪ್ ಬುಕ್ ಮಾಡಿದೀನಿ. ಇಷ್ಟ ಇದ್ರೆ ಅಲ್ಲಿಗೆ ಬರ್ಲಿ. ಒಂದು ದಿನ ಜೊತೇಲಿ ಓಡಾಡೋಣ. ಸಂಜೆ ನಾನು ಯೆಸ್ ಆರ್ ನೋ ಹೇಳ್ತೀನಿ."

ಜನ ಸಂಬಂಧ ನೋಡಲು ಮಂಡ್ಯದಿಂದ ಮದ್ದೂರಿಗೆ ಹೋಗುತ್ತಾರೆ. ನಾವು ಸ್ವೀಡನ್ನಿನಿಂದ ಆಂಡೀಸ್ ಬೆಟ್ಟಗಳಿಗೆ! ಮೈದುನ ಬರುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ರಾತ್ರಿ ಅವನದೇ ಫೋನು. "ಅತ್ತಿಗೆ, ಯಾವ ಶರ್ಟು ಹಾಕ್ಕೊಳ್ಳಲಿ?" ಜನ್ಮದಲ್ಲಿ ಶರ್ಟಿನ ಬಗ್ಗೆ ಕೇಳದವನು! ಈ ಸಲ ಅವನಿಗೂ ಆಸೆಯಾಗಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಅಂದಮೇಲೆ ಇದನ್ನು ಕೆಡಲು ಬಿಡಬಾರದು ಎಂದು ನಾನೂ ನನ್ನ ಯಜಮಾನರೂ ಜೊತೆಗೆ ಹೊರಟೆವು.

ಕುಸ್ಕೊ ನಗರದ ಎತ್ತರಕ್ಕೆ ಯಜಮಾನರಿಗೆ ತಲೆನೋವು ಬಂದು ಹೋಟೆಲಿನಲ್ಲೇ ಮಲಗಿದರು. ಒಳ್ಳೆಯದೇ ಆಯಿತು, ಅಣ್ಣತಮ್ಮಂದಿರಿಬ್ಬರನ್ನೂ ಸಂಭಾಳಿಸುವುದು ನನ್ನಿಂದಲೂ ಆಗದ ಕೆಲಸ. ಬೆಳಿಗ್ಗೆ ವ್ಯಾನು ಹತ್ತುವ ಮೊದಲು ಮೈದುನನನ್ನು ಪಕ್ಕಕ್ಕೆ ಕರೆದೆ.

"ನೋಡು ಮಾರಾಯ, ಇವತ್ತು ಒಂದು ದಿನ ಇನ್ಕಾಗಳ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡು. ನಿನ್ನ ಬಗ್ಗೆ ಒಂದಕ್ಷರ ಬೇಡ."

"ಕೇಳಿದ್ರೆ?"

"ಕೇಳಿದ್ರೆ ಬೆಟ್ಟ ತೋರಿಸು."

ನಮ್ಮ ಗೈಡು ಉತ್ಸಾಹದ ಬುಗ್ಗೆ. ವ್ಯಾನಿನಲ್ಲಿದ್ದ ದೇಶದೇಶದ ಜನರನ್ನೆಲ್ಲ ಒಟ್ಟಿಗೆ "ಫ್ಯಾಮಿಲಿ! ಫ್ಯಾಮಿಲಿ!" ಎಂದೇ ಕರೆಯುತ್ತಿದ್ದ. ಶುಭಶಕುನ ಎಂದುಕೊಂಡೆ. ಅಕ್ಕಪಕ್ಕ ಕೂತಿದ್ದ ಮೈದುನನನ್ನೂ ಅವಳನ್ನೂ ನೋಡಿ, "ನೀವು ಗಂಡಹೆಂಡತಿಯೇ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಮೈದುನ ಗಂಭೀರವಾಗಿ, "ಇನ್ನೂ ಗೊತ್ತಿಲ್ಲ. ಸಂಜೆ ರಿಸಲ್ಟು" ಎಂದ. ವ್ಯಾನಿಗೆ ವ್ಯಾನೇ ಚಪ್ಪಾಳೆ ತಟ್ಟಿತು! ನಾನು ಕಿಟಕಿಯಾಚೆ ಬೆಟ್ಟ ನೋಡಿದೆ.

ಮೊದಲ ನಿಲ್ದಾಣ ಪಿಸಾಕ್. ಬೆಟ್ಟದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡೆದ ಹೊಲಗಳು, ಕೆಳಗೆ ನದಿ, ಮೇಲೆ ಕಣ್ಣು ಕುಕ್ಕುವ ಬಿಸಿಲು. ಗೈಡು ಎರಡೂ ಕೈ ಆಕಾಶಕ್ಕೆತ್ತಿ, ಇನ್ಕಾಗಳಿಗೆ ಸೂರ್ಯನೇ ದೇವರು, ಅವರ ಭಾಷೆಯಲ್ಲಿ ಅವನ ಹೆಸರು 'ಇಂತಿ' ಎಂದ.

"ನಮ್ಮಲ್ಲಿ ಇಂತಿ ಅಂದ್ರೆ ಕಾಗದ ಮುಗೀತು ಅಂತ" ಎಂದ ಮೈದುನ, ಅವಳ ಕಡೆ ತಿರುಗಿ.

"ಹಾಗಾದ್ರೆ ಸೂರ್ಯ ದಿನಾ ಸಾಯಂಕಾಲ ಸಹಿ ಹಾಕಿ ಹೋಗ್ತಾನೆ ಅನ್ನಿ" ಎಂದಳು ಅವಳು.

ಆಹಾ! ನನ್ನ ಕಿವಿಗೆ ಮಂಗಳವಾದ್ಯ ಕೇಳಿಸಿತು. ಇನ್ನು ಇವರನ್ನು ಇವರ ಪಾಡಿಗೆ ಬಿಡಬಹುದು ಎಂದು ಕೆಳಗಿನ ಸಂತೆಯಲ್ಲಿ ಶಾಲು ನೋಡಲು ನಿಂತೆ. (ನಿಮಗೊಂದು ಬಿಟ್ಟಿ ಸಲಹೆ: ಬೇಕಾದ ಶಾಲಿನ ಪಕ್ಕದ ಶಾಲನ್ನು ಮುಟ್ಟಿ ನೋಡಬೇಕು. ಬೇಕಾದದ್ದರ ಮೇಲೆ ಕಣ್ಣಿಟ್ಟಿರೋ, ಸೋತಿರಿ.) ಅಷ್ಟರಲ್ಲಿ ಮೈದುನ ಕಿವಿ ಮುಚ್ಚುವ ಬಣ್ಣದ ಉಣ್ಣೆ ಟೋಪಿಯೊಂದನ್ನು ಹಾಕಿಕೊಂಡು ನಿಂತಿದ್ದ. ನಿಜ ಹೇಳುತ್ತೇನೆ, ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದ.

"ಚೆನ್ನಾಗ್ ಕಾಣತ್ತೆ ನಿಮಗೆ" ಎಂದಳು ಅವಳು.

ತಕ್ಷಣ ಟೋಪಿ ತೆಗೆದು ತಲೆ ಬಗ್ಗಿಸಿದ. "ಒಳಗಡೆ ಹೀಗಿದೆ. ನೋಡ್ಬಿಡಿ. ಹಿಂದೆ ಇನ್ನೂ ಜಾಸ್ತಿ ಹೋಗಿದೆ."

ನನ್ನ ಕೈಯಿಂದ ಶಾಲು ಜಾರಿತು. ಚೌಕಾಸಿ ಮರೆತು ಅಂಗಡಿಯವಳು ಹೇಳಿದ್ದಷ್ಟನ್ನೂ ಕೊಟ್ಟು ಬಂದೆ. ಆ ಶಾಲು ಹೊದ್ದಾಗಲೆಲ್ಲ ಇವತ್ತಿಗೂ ಭುಜ ಉರಿಯುತ್ತದೆ!

ಊಟ ಉರುಬಂಬಾ ಎಂಬ ಊರಿನಲ್ಲಿ. ಮೇಜಿನ ಮೇಲೆ ನೇರಳೆ, ಹಳದಿ, ಗುಲಾಬಿ ಬಣ್ಣದ ಆಲೂಗಡ್ಡೆಗಳು. "ಅಡುಗೆ ಮಾಡ್ತೀರಾ?" ಎಂದು ಅವಳು ಕೇಳಿದಳು. ನಾನು ಮೇಜಿನ ಕೆಳಗೆ ಕಾಲು ಸಿದ್ಧಮಾಡಿಕೊಂಡೆ.

"ಚಿತ್ರಾನ್ನ ಬರತ್ತೆ."

"ಮತ್ತೆ?"

"ಮಾರನೇ ದಿನ ಅದನ್ನೇ ಬಿಸಿ ಮಾಡೋದು ಬರತ್ತೆ. ಇನ್ನೊಂದು ವಿಷ್ಯ, ನಾನು ಗೊರಕೆ..."

ಒದ್ದೆ. ಒದೆ ಬಿದ್ದದ್ದು ಗೈಡಿಗೆ! ಪಾಪ, ಎತ್ತರದ ಜಾಗದಲ್ಲಿ ನನಗೆ ಕಾಲು ಸೆಳೆಯುತ್ತಿದೆ ಎಂದು ತಿಳಿದು, "ಸೆನ್ಯೋರಾ, ಸೆನ್ಯೋರಾ" ಎನ್ನುತ್ತಾ ಕೋಕಾ ಎಲೆಯ ಚಹಾ ತಂದುಕೊಟ್ಟ. ನಾನು ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಗೊರಕೆಯ ವಿಷಯ ವಿವರವಾಗಿ ಮುಗಿದಿತ್ತು. ಯಾವ ಮಗ್ಗುಲಿಗೆ ಮಲಗಿದರೆ ಯಾವ ಸ್ವರ ಎಂಬುದೂ ಸೇರಿ.

ಆಮೇಲೆ ಒಯಂತಾಯ್‌ತಾಂಬೊ. ಹೆಸರು ಹೇಳುವಷ್ಟರಲ್ಲೇ ಏದುಸಿರು, ಇನ್ನು ಮೆಟ್ಟಿಲು ಹತ್ತುವುದೆಂದರೆ! ದಾರಿಯಲ್ಲಿ ಮನೆಗಾತ್ರದ ಕಲ್ಲುಗಳು ಅಲ್ಲಲ್ಲೇ ಬಿದ್ದಿದ್ದವು. ಕೋಟೆಗೆಂದು ದೂರದ ಬೆಟ್ಟದಿಂದ ಎಳೆದು ತಂದು, ಅರ್ಧಕ್ಕೇ ಬಿಟ್ಟ ಕಲ್ಲುಗಳಂತೆ. ಇವುಗಳನ್ನು 'ದಣಿದ ಕಲ್ಲು' ಎನ್ನುತ್ತೇವೆ ಎಂದ ಗೈಡು. ಮೈದುನ ಅಂಥದ್ದೊಂದರ ಪಕ್ಕದಲ್ಲಿ ಕೂತೇಬಿಟ್ಟ.

"ನಾನೂ ಇದೇ ಬಳಗ. ಮಂಡಿ ಹೋಗಿದೆ. ಎತ್ತರ ಅಂದ್ರೆ ಭಯಾನೂ ಇದೆ. ನೀವು ಹೋಗ್ಬನ್ನಿ."

ಅವಳೂ ನಾನೂ ಹತ್ತಿದೆವು. ಮೇಲೆ ಗಾರೆಯಿಲ್ಲದೆ ಕೂಡಿಸಿದ ಕಲ್ಲಿನ ಗೋಡೆ. ಒಂದು ಕಲ್ಲಿನ ಸೊಟ್ಟಕ್ಕೆ ಇನ್ನೊಂದನ್ನು ಕಡೆದು ಹೊಂದಿಸಿದ್ದಾರೆ, ಭೂಕಂಪಕ್ಕೂ ಜಗ್ಗಿಲ್ಲ ಎಂದು ಗೈಡು ವಿವರಿಸಿದ. ಇಂಥ ಅವಕಾಶ ಬಿಟ್ಟರೆ ನಾನೆಂಥ ವ್ಯಾಪಾರಿ?

"ನೋಡಮ್ಮ, ಕಲ್ಲುಗಳೇ..." ಎಂದು ಬಾಯಿ ತೆರೆದೆ.

"ಅಕ್ಕ, ಈ ಹೋಲಿಕೆ ನೀವು ಹೇಳೇ ಹೇಳ್ತೀರಿ ಅಂತ ಗೋಡೆ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದಳು. ಬಾಯಿ ಮುಚ್ಚಿದೆ. ಕೆಳಗೆ ಇರುವೆಯಷ್ಟಾಗಿ ಕಾಣುತ್ತಿದ್ದ ಮೈದುನನನ್ನು ನೋಡುತ್ತಾ ಅವಳೇ ಕೇಳಿದಳು: "ಅವರಲ್ಲಿ ಒಳ್ಳೇದು ಏನೂ ಇಲ್ವಾ ಅಕ್ಕ?"

ನಾನು ಶುರುಮಾಡಿದೆ ನೋಡಿ! ನನ್ನ ಬಾಣಂತನದಲ್ಲಿ ಉಮೆಯೊದಿಂದ ರೈಲಿನಲ್ಲಿ ಬಂದು ಮಗುವಿನ ಬಟ್ಟೆ ಒಗೆದದ್ದು, ಅವನು ಸಾಕಿದ ಕುಂಟ ಬೆಕ್ಕು, ಪಕ್ಕದ ಮನೆಯ ಮುದುಕಿಯ ಬಾಗಿಲ ಮುಂದಿನ ಹಿಮವನ್ನು ತನ್ನದಕ್ಕಿಂತ ಮೊದಲು ಬಾಚುವುದು. ಎಲ್ಲ ಕೇಳಿ ಅವಳು, "ನೀವು ಹೇಳಿದ್ರಲ್ಲಿ ಎಷ್ಟು ಕಳೀಬೇಕು?" ಎಂದಳು. ನನಗೇ ಚೌಕಾಸಿ! ಒಂದು ಕ್ಷಣ ಗುರುವಿಗೆ ಶಿಷ್ಯೆ ಸಿಕ್ಕಂತಾಯಿತು.

"ಏನೂ ಕಳೀಬೇಡ. ಇದು ಫಿಕ್ಸೆಡ್ ರೇಟು" ಎಂದೆ.

ಅವಳು ಗೋಡೆಯ ಕಲ್ಲನ್ನು ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಮೊದಲನೇ ಸಲ ಎಲ್ಲಾ ಒಳ್ಳೇದೇ ಹೇಳಿ ಮದುವೆ ಮಾಡಿದ್ರು. ಮದುವೆ ಆದ್ಮೇಲೆ ದಿನಾ ಬೆಳಗಾದ್ರೆ ನನ್ನ ತಪ್ಪಿನ ಪಾಠ. ನಡಿಗೆ ಸರಿಯಿಲ್ಲ, ನಗು ಸರಿಯಿಲ್ಲ, ಅನ್ನ ಬಡಿಸೋ ಕೈ ಸರಿಯಿಲ್ಲ. ಇವರು ಕೆಟ್ಟವರಲ್ಲ, ಗೊತ್ತಾಗತ್ತೆ. ಆದ್ರೆ ಅಕ್ಕ, ತನ್ನಲ್ಲೇ ಇಷ್ಟೊಂದು ಐಬು ಹುಡುಕೋ ಕಣ್ಣು ನಾಳೆ ನನ್ನ ಕಡೆ ತಿರುಗಿದ್ರೆ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬೋಳುತಲೆಗೆ ಉತ್ತರವಿತ್ತು, ಗೊರಕೆಗೆ ಉತ್ತರವಿತ್ತು, ಮಂಡಿನೋವಿಗೆ ಎಣ್ಣೆಯೇ ಇತ್ತು. ಇದಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಇಳಿಯುವಾಗ ಮೆಟ್ಟಿಲು ಹತ್ತಿದ್ದಕ್ಕಿಂತ ಕಡಿದಾಗಿ ಕಂಡಿತು.

ಕೊನೆಯ ನಿಲ್ದಾಣ ಚಿಂಚೆರೊ. ಬಿಸಿಲು ಇಳಿದು ಚಳಿ ಶುರುವಾಗಿತ್ತು. ನೇಯ್ಗೆಯ ಹೆಂಗಸರು ತಮ್ಮ ಅಂಗಳದಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಪುದೀನದಂಥ ಯಾವುದೋ ಸೊಪ್ಪಿನ ಬಿಸಿ ಕಷಾಯ ಕೊಟ್ಟರು. ಒಬ್ಬಳು ಯಾವುದೋ ಗಿಡದ ಬೇರನ್ನು ನೀರಿಗೆ ತುರಿದು ನೊರೆ ಎಬ್ಬಿಸಿ ಉಣ್ಣೆ ತೊಳೆಯುತ್ತಿದ್ದಳು. ಗೈಡು, ಇನ್ನು ಇಲ್ಲಿಂದ ನೇರ ಹೋಟೆಲಿಗೆ ಎಂದ. ಅಂದರೆ ಸಂಜೆ ಬಂದೇಬಿಟ್ಟಿತು! ಮೈದುನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬೆಳಿಗ್ಗೆ ಇಸ್ತ್ರಿಯಾಗಿದ್ದ ಶರ್ಟು ಮುದುಡಿತ್ತು.

ಅವಳು ಎದ್ದು ಬಂದು ಅವನ ಎದುರಿಗೆ ಕೂತಳು.

"ಮುಗದ್ವೇನ್ರೀ ನಿಮ್ಮ ಐಬು? ಇನ್ನೂ ಅದಾವೇನು?"

ನಾನು ತಿರುಗಿ ನೋಡಿದೆ. ಅಲ್ಲಿಯವರೆಗೆ ಬೆಂಗಳೂರಿನ ಇಸ್ತ್ರಿ ಹಾಕಿದ ಕನ್ನಡ ಆಡುತ್ತಿದ್ದವಳ ಬಾಯಲ್ಲಿ ಧಾರವಾಡ!

"ಇವತ್ತಿಗೆ ಇಷ್ಟೇ" ಎಂದ ಮೈದುನ.

"ಹಂಗಾದ್ರ ಈಗ ನನ್ನದೊಂದು ಐಬು ಹೇಳ್ರಿ. ಮುಂಜಾನಿಂದ ನೋಡೀರಲ್ಲ. ಖರೇ ಹೇಳ್ಬೇಕು."

"ಅಯ್ಯೋ, ಬೇಡಮ್ಮ, ವ್ಯಾನು ಹೊರಡ್ತಾ ಇದೆ..." ಎಂದು ನಾನು ನಡುವೆ ಬಂದೆ. ಅವಳು ಕೈ ಎತ್ತಿ ತಡೆದಳು. ಏನೂ ಇಲ್ಲ ಅನ್ನೋ ಮಾರಾಯ, ಒಂದೇ ಒಂದು ಸುಳ್ಳು ಹೇಳೋ ಎಂದು ಇನ್ಕಾಗಳ ಸಕಲ ದೇವರಿಗೂ ಹರಕೆ ಹೊತ್ತೆ.

"ಇದೆ" ಎಂದ.

ನಾನು ಕಣ್ಣು ಮುಚ್ಚಿಕೊಂಡೆ.

"ನೀವು ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತೀರಿ. ಬೆಳಿಗ್ಗೆಯಿಂದ ಹಾಗೇ. ನಗು ಶುರುವಾಗತ್ತೆ, ಅಷ್ಟ್ರಲ್ಲಿ ಕೈ ಬಂದ್ಬಿಡತ್ತೆ. ಇಷ್ಟು ದೂರ ಬಂದು ಅರ್ಧ ನಗು ನೋಡ್ಕೊಂಡು ವಾಪಸ್ ಹೋಗ್ಬೇಕಲ್ಲಾ ಅಂತ... ಅದೊಂದೇ."

ಸರಕನ್ನು ಒಂದೇ ನೋಟಕ್ಕೆ ಅಳೆಯುವ ನನ್ನ ಕಣ್ಣಿಗೂ ಆ ಕೈ ಬಿದ್ದಿರಲಿಲ್ಲ.

"ಹಲ್ಲು ಸೊಟ್ಟ ಅದಾವ್ರೀ" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ನಂಗೆ ಹೇಗೆ ಗೊತ್ತಾಗ್ಬೇಕು? ನೋಡೇ ಇಲ್ಲ."

ಅವಳಿಗೆ ನಗು ಬಂತು. ಕೈ ರೂಢಿಯಂತೆ ಮೇಲೆದ್ದಿತು. ಗಲ್ಲದ ಹತ್ತಿರ ಬಂದು ನಿಂತಿತು. ಮೈದುನ ಬಟ್ಟಲನ್ನು ಬೆಂಚಿನ ಮೇಲಿಟ್ಟು ನೋಡುತ್ತಿದ್ದ. "ಫ್ಯಾಮಿಲಿ! ಫ್ಯಾಮಿಲಿ!" ಎಂದು ಗೈಡು ವ್ಯಾನಿನ ಬಾಗಿಲಲ್ಲಿ ಕೂಗುತ್ತಿದ್ದ. ಅವಳ ಕೈ ನಿಧಾನವಾಗಿ ಕೆಳಗಿಳಿದು ಮಡಿಲಲ್ಲಿ ಕೂತಿತು. ನಗು ಮಾತ್ರ ಮುಖದ ಮೇಲೆ ಉಳಿಯಿತು.