ನಾನು ಅಳಿಸಿದ ನದಿಯನ್ನು ನಕ್ಷೆಗೆ ಮರಳಿ ಸೇರಿಸುವ ಬಗ್ಗೆ

ಇಂದ:
ಎರಡನೇ ಸಹಾಯಕ, ಜಾಲ ಯೋಜನಾ ವಿಭಾಗ,
ಕಿಟಕಿ ಪಕ್ಕದ ಮೇಜು.

ಗೆ:
ಮುಖ್ಯ ಯೋಜನಾಧಿಕಾರಿಗಳು,
ಪ್ರಾದೇಶಿಕ ಜೈವಿಕ ಇಂಧನ ಕಚೇರಿ,
ಎದುರಿನ ಕೋಣೆ.

ವಿಷಯ: ನದಿಯ ಮರುಸೇರ್ಪಡೆ ಹಾಗೂ ಒಂದು ದಿನದ ರಜೆ ಕೋರಿ.

ಉಲ್ಲೇಖ: 1) "ನಕ್ಷೆ ಭೇಷ್ ಕಣಯ್ಯಾ!" ಎಂಬ ತಮ್ಮ ಮೌಖಿಕ ಆದೇಶ.
2) ನನ್ನ ಅಕ್ಕನ ಫೋನು ಕರೆ (ಕೊನೆಯ ಭಾಗ ಕಡತಕ್ಕೆ ಯೋಗ್ಯವಲ್ಲ).

ಮಾನ್ಯರೇ,

1. ಹುಲ್ಲು, ಕಡ್ಡಿ, ಮರದ ಹೊಟ್ಟಿನಿಂದ ಇಂಧನ ತೆಗೆಯುವ ನಮ್ಮ ಕಾರ್ಖಾನೆಗೆ ಎಲ್ಲೆಲ್ಲಿಂದ ಮಾಲು ಬರಬೇಕೆಂದು ಜಾಲ ಹೆಣೆಯುವುದು ನನ್ನ ಕೆಲಸವಷ್ಟೆ. ಕಂಪ್ಯೂಟರಿನಲ್ಲಿ ಕಾರ್ಖಾನೆಯ ಸುತ್ತ ಹಸಿರು ವೃತ್ತಗಳನ್ನು ಎಳೆದೆ. ನದಿಯ ನೀಲಿ ಗೆರೆ ಅವುಗಳ ಅಂದ ಕೆಡಿಸುತ್ತಿದ್ದ ಕಾರಣ ಅದನ್ನು ಮರೆಮಾಡಿದೆ. ಮತ್ತೆ ತೋರಿಸುವುದನ್ನು ಮರೆತೆ.

2. ಹತ್ತು ಕಿಲೋಮೀಟರಿನ ವೃತ್ತದೊಳಗೆ ಅಕ್ಕನ ಮರ ಕೊಯ್ಯುವ ಸಾಮಿಲ್ಲು ಬಂದದ್ದು ಕಂಡು ಹಿಗ್ಗಿ ಹೀರೇಕಾಯಿಯಾದೆ. ಆದ್ದರಿಂದ ಮಂಜೂರಾತಿಗೂ ಮುಂಚೆಯೇ ಫೋನು ಮಾಡಿ, "ಅಕ್ಕಾ, ಇನ್ಮೇಲೆ ನಿನ್ನ ಹೊಟ್ಟನ್ನೆಲ್ಲ ನಾವೇ ತಗೋತೀವಿ" ಎಂದು ಜಂಬ ಕೊಚ್ಚಿದೆ. ಆ ಕಾರಣ, ವರ್ಷಗಳಿಂದ ಹೊಟ್ಟು ಒಯ್ಯುತ್ತಿದ್ದ ಇಟ್ಟಿಗೆ ಗೂಡಿನವನಿಗೆ ಅವಳು ಬೇಡವೆಂದಳು. ಅವನು ಬೇರೆ ಮಿಲ್ಲು ಹಿಡಿದ.

3. ಮೊದಲ ಪರೀಕ್ಷಾ ಸುತ್ತಿಗೆ ಹೋದ ಲಾರಿ ಚಾಲಕರು ಕರೆ ಮಾಡಿ, "ಸಾರ್, ನಿಮ್ಮ ನಕ್ಷೆ ನೋಡ್ಕೊಂಡೇ ಬಂದೆ. ಮುಂದೆ ನೀರಿದೆ" ಎಂದರು. "ನಕ್ಷೆಯಲ್ಲಿ ನೀರೇ ಇಲ್ಲವಲ್ರೀ" ಎಂದು ಗದರಿದೆ. "ಇಲ್ಲಿ ಇದೆ ಸಾರ್. ಲಾರಿ ಈಜಲ್ಲ" ಎಂದರು. ಸೇತುವೆ ಬಳಸಿದರೆ ಅರವತ್ತೆರಡು ಕಿಲೋಮೀಟರು. ಹಗುರ ಹೊಟ್ಟಿಗಾಗಿ ಅಷ್ಟು ದೂರ ಓಡಿದರೆ, ಹೊಟ್ಟಿನ ಬೆಲೆಗಿಂತ ಲಾರಿ ಕುಡಿಯುವ ಡೀಸೆಲ್ಲೇ ಹೆಚ್ಚಾಗುತ್ತದೆ. ಅಕ್ಕನ ಮನೆಗೆ ನಾನೇ ಎಷ್ಟೋ ಸಲ ದೋಣಿಯಲ್ಲಿ ಹೋದವನು ಎಂಬುದನ್ನು ನಾಚಿಕೆಯಿಂದ ನಮೂದಿಸುತ್ತೇನೆ.

4. ಸದರಿ ಹೊಟ್ಟು ಈಗ ಸಾಮಿಲ್ಲಿನ ಕಿಟಕಿಯವರೆಗೆ ಏರಿದೆ. ಒಳಗೇ ಬೆಂದು ಹಬೆಯಾಡುತ್ತಿದೆ. "ಮರ ಇಳಿಸೋಕೆ ಜಾಗ ಇಲ್ಲ ಕಣೋ. ಗರಗಸ ನಿಲ್ಸಿ ನಾಲ್ಕು ದಿನ ಆಯ್ತು. ಆಳುಗಳು ಬೇರೆ ಕಡೆ ಕೆಲಸ ಹುಡುಕ್ತಿದಾರೆ. ನಮ್ಮ ತಮ್ಮ ಆಫೀಸರು ಅಂತ ನಂಬ್ದೆ ನೋಡು, ನನ್ನ ಬುದ್ಧಿಗಿಷ್ಟು!" ಎಂದು ಅಕ್ಕ ಅತ್ತಳು. ಅವಳು ಬರೀ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ.

5. ಆದ್ದರಿಂದ ಸೋಮವಾರದ ಸಭೆಯಲ್ಲಿ ನನ್ನ ನಕ್ಷೆಯನ್ನು ತಡೆಹಿಡಿದು, ನದಿಯನ್ನು ಅದರ ಜಾಗದಲ್ಲಿ ಇಟ್ಟು, ಅಕ್ಕನಿರುವ ಆ ದಡದಲ್ಲೇ, ಕಡಿಮೆ ಸುತ್ತಿನಲ್ಲಿ ಸಾಗಿಸಲಾಗುವಂತೆ ಹೊಟ್ಟನ್ನು ಒಣಗಿಸಿ ಅದುಮಿ ಗಟ್ಟಿಮಾಡುವ ಒಂದು ಸಣ್ಣ ಕೇಂದ್ರ ತೆರೆಯಬೇಕು. ಇದು ಸ್ವಜನಪಕ್ಷಪಾತವೆಂದು ತೋರಿದಲ್ಲಿ, ಸದರಿ ಸ್ವಜನ ನನ್ನೊಡನೆ ಮಾತು ಬಿಟ್ಟಿದ್ದಾಳೆಂಬುದನ್ನು ಗಮನಿಸಬೇಕು. ನನ್ನ ಬಡ್ತಿಯನ್ನು ತಾವು ತಡೆದರೂ ತಕರಾರಿಲ್ಲ.

6. ಕೇಂದ್ರ ಬರುವವರೆಗೆ ಗರಗಸ ಕಾಯಲಾರದ ಕಾರಣ, ಶನಿವಾರ ಒಂದು ದಿನ ರಜೆ ಕೊಟ್ಟಲ್ಲಿ ನಾನೇ ಹೋಗಿ ಹೊಟ್ಟು ಎತ್ತಿಹಾಕಿ ಅಂಗಳ ಬಿಡಿಸಿಕೊಡುತ್ತೇನೆ.

ಇನ್ನೂ ತಮ್ಮ ವಿಶ್ವಾಸಿ,
ಎರಡನೇ ಸಹಾಯಕ

ಲಗತ್ತು:
1) ನದಿ ಇರುವ ನಕ್ಷೆ.
2) ಮುಂದಿನ ಚಕ್ರ ನೀರಿನಲ್ಲಿರುವ ಲಾರಿಯ ಚಿತ್ರ.
3) ಹೊಟ್ಟಿನ ರಾಶಿಯ ಚಿತ್ರ (ಪಕ್ಕದಲ್ಲಿ ನಿಂತವಳು ಅಕ್ಕ).

ವಿ.ಸೂ.: ರಜೆ ಮಂಜೂರಾಗದಿದ್ದಲ್ಲಿ, ಹಾಗೆಂದು ಸೀಲು ಹಾಕಿ ಬರೆದುಕೊಡಬೇಕು. ನನ್ನ ಬಾಯಿಮಾತನ್ನು ಅಕ್ಕ ಈಗ ನಂಬುವುದಿಲ್ಲ.