ನೆಲಕ್ಕೆ ಕಿವಿಗೊಟ್ಟ ಗಂಡ

ನೀರು ಸರಬರಾಜು ಇಲಾಖೆಯಲ್ಲಿ ನನ್ನನ್ನು ಎಲ್ಲರೂ ‘ಕಿವಿ ಸಾಹೇಬರು’ ಎಂದೇ ಕರೆಯುತ್ತಾರೆ. ರಸ್ತೆಯ ಮೇಲೆ ಸೆನ್ಸರ್ ಇಟ್ಟು, ತಲೆಗೆ ಹೆಡ್‌ಫೋನ್ ಏರಿಸಿದೆನೆಂದರೆ ಮುಗಿಯಿತು. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಅದರ ‘ಸುಸ್ಸ್’ ಸದ್ದಿನಿಂದಲೇ ಹೇಳಬಲ್ಲೆ. ಇಂಥ ಮಹಾನುಭಾವನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ನೋಡಿ.

“ರೀ, ಅಡುಗೆಮನೆ ಗೋಡೆ ಒದ್ದೆಯಾಗ್ತಿದೆ, ಪ್ಲಂಬರ್‌ನ ಕರೀರಿ ಅಂತ ಎಷ್ಟು ಸಲ ಬಡ್ಕೋಬೇಕು? ನೆಲ ಪಿಸುಗುಟ್ಟಿದ್ದು ಕೇಳಿಸುತ್ತೆ, ಹೆಂಡತಿ ಕೂಗಿದ್ದು ಕೇಳಿಸಲ್ವಾ?”

“ನಾನಿರುವಾಗ ಪ್ಲಂಬರ್ರೇ?” ಎಂದು ಗುಡುಗಿದೆ.

ಭಾನುವಾರ ಬೆಳಿಗ್ಗೆ ಯಂತ್ರವನ್ನು ಮನೆಗೆ ತಂದು ರಾಜಾಜ್ಞೆ ಹೊರಡಿಸಿದೆ: ಫ್ಯಾನ್ ಬಂದ್, ಮಿಕ್ಸಿ ಬಂದ್, ಬಾಯಿಯೂ ಬಂದ್. (ಕೊನೆಯದನ್ನು ಹೇಳುವಾಗ ಛಾವಣಿ ನೋಡುತ್ತಿದ್ದೆ.) ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದ ಮಾವನವರು ತುಟಿಯ ಮೇಲೆ ಬೆರಳಿಟ್ಟುಕೊಂಡು ತುದಿಗಾಲಲ್ಲಿ ಒಳಗೆ ಹೋದರು.

ಅಡುಗೆಮನೆಯ ನೆಲ ಮೌನವಾಗಿತ್ತು. ಊಟದ ಕೋಣೆಯಲ್ಲಿ ಸೆನ್ಸರ್ ಇಟ್ಟೆನೋ ಇಲ್ಲವೋ, ಸುಸ್ಸ್!

“ಸಿಕ್ಕಿತು! ಇಲ್ಲೇ!”

“ಒದ್ದೆಯಾಗಿರೋದು ಆ ಗೋಡೆ, ಅಗೆಯೋದು ಈ ನೆಲಾನಾ?”

“ಇದು ವಿಜ್ಞಾನ ಕಣೇ!”

“ಹೊಸ ಟೈಲ್ಸ್ ರೀ!”

ಹೆಡ್‌ಫೋನ್ ತಲೆಯ ಮೇಲಿದ್ದುದರಿಂದ ಕೇಳಿಸದವನಂತೆ ನಟಿಸುವುದು ಸುಲಭವಾಯಿತು. ಟೈಲ್ಸ್ ಒಡೆದೆ. ಕೆಳಗಿನ ಮಣ್ಣು ಕಾದ ಹಂಚಿನಂತೆ ಒಣಗಿತ್ತು. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಹಾರೆ ಎತ್ತಿದೆ.

ಠಣ್! ನೀರು ಛಾವಣಿಗೆ ಚಿಮ್ಮಿತು.

ಬಚ್ಚಲಿನ ಬಾಗಿಲು ತೆರೆಯಿತು. ಮೈತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವೆಲು. “ಅಳಿಯಂದಿರೇ, ನೀರು ನಿಂತೇ ಹೋಯ್ತಲ್ಲ!”

“ಮಾವ, ನೀವು ಸ್ನಾನ ಮಾಡ್ತಿದ್ರಾ?”

“ಸದ್ದು ಮಾಡಬಾರದು ಅಂದ್ರಲ್ಲ, ಅದಕ್ಕೇ ನಲ್ಲೀನ ದಾರದಷ್ಟು ಸಣ್ಣಗೆ ಬಿಟ್ಕೊಂಡಿದ್ದೆ.”

ಸಣ್ಣಗೆ ಬಿಟ್ಟ ನಲ್ಲಿಯೂ ಸೋರುವ ಪೈಪೂ ಒಂದೇ ರಾಗದಲ್ಲಿ ಸುಸ್ಸೆನ್ನುತ್ತವೆ. ಇಲಾಖೆಯ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಅದು.

ಗೇಟಿನ ಬಳಿಯ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ. ಓಡಿಬಂದು ಒಡೆದ ಪೈಪಿಗೆ ಹೊದಿಕೆ ಸುತ್ತಿ ಅಪ್ಪಿಕೊಂಡು ಕುಳಿತೆ. ಬಕೆಟ್ಟಿಗಾಗಿ ಸಿಂಕಿನ ಕೆಳಗೆ ಬಗ್ಗಿದ ಹೆಂಡತಿ ಹಾಗೇ ನಿಂತಳು. ಪಾತ್ರೆ ತೊಳೆದ ನೀರು ಹೋಗುವ ಪೈಪು ಕಳಚಿಕೊಂಡು ಗೋಡೆಯ ಬುಡಕ್ಕೆ ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಬಿಗಿ ಮಾಡಿದಳು, ನಿಂತಿತು. ಮೊಬೈಲ್ ಹಿಡಿದು ವರಾಂಡಕ್ಕೆ ಹೋಗಿ ಯಾರಿಗೋ ಫೋನ್ ಮಾಡಿ ಬಂದಳು.

ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ನಮ್ಮ ದೂರು ವಿಭಾಗದ ಹೊಸ ಹುಡುಗಿ.

“ಸಾರ್, ಅರ್ಜೆಂಟ್ ಕಂಪ್ಲೇಂಟ್. ನಿಮ್ಮ ಏರಿಯಾನೇ. ಯಾರೋ ತಲೆಕೆಟ್ಟವನು ಮನೆಯೊಳಗೇ ಪೈಪ್ ಒಡೆದು ಹಾಕಿದ್ದಾನಂತೆ. ಬೇಗ ಹೋಗಿ ಸಾರ್, ಆ ಮೇಡಂ ತುಂಬಾ ಸಿಟ್ಟಲ್ಲಿದ್ದಾರೆ.”

ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವಳನ್ನು ನೋಡಿದೆ.

“ಕಾಣ್ತಿದೆ ಕಣಮ್ಮ” ಎಂದೆ.